ಬೆಂಚಿನಲ್ಲೇ ಯಾಕೆ ಕೂತಿದ್ದೀರಿ?

ಪ್ರಶ್ನೆ: ನಾನು ಮೈಸೂರಿನವಳು, ಕೆಥೋಲಿಕಳು. ಗಂಡ ಕುಡಿದು ಹೊಡೆಯುತ್ತಿದ್ದ. ಮೂರು ವರ್ಷದ ಹಿಂದೆ ಕೋರ್ಟಿನಲ್ಲಿ ಡೈವೋರ್ಸ್ ಆಯಿತು. ಮರುಮದುವೆ ಆಗಿಲ್ಲ. ಡೈವೋರ್ಸ್ ಆದವಳು ಪರಮಪ್ರಸಾದ (ಪೂಜೆಯಲ್ಲಿ ಗುರುಗಳು ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಳ್ಳಬಾರದು ಎಂದು ಅತ್ತಿಗೆ ಹೇಳಿದ್ದರಿಂದ ಪೂಜೆಯಲ್ಲಿ ಬೆಂಚು ಬಿಟ್ಟು ಏಳುವುದಿಲ್ಲ. ಬರುವ ತಿಂಗಳು ಮಗಳ ಮೊದಲ ಪರಮಪ್ರಸಾದ. ‘ಅಮ್ಮಾ, ನೀನೂ ನನ್ ಜೊತೆ ಬರ್ತೀಯ ಅಲ್ವಾ?’ ಎಂದು ದಿನಾ ಕೇಳುತ್ತಾಳೆ. ಚರ್ಚಿನಲ್ಲಿ ಮದುವೆಯನ್ನು ಅಸಿಂಧು, ಅಂದರೆ ಮೊದಲಿನಿಂದಲೇ ಊರ್ಜಿತವಲ್ಲ ಎಂದು, ತೀರ್ಮಾನ ಮಾಡಿಸಿಕೊಂಡರೆ ಮಗಳು ಅಕ್ರಮ ಸಂತಾನವಾಗುತ್ತಾಳೆ ಎಂದೂ ಅತ್ತಿಗೆ ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಅತ್ತಿಗೆ ಹೇಳಿದ ಎರಡೂ ಮಾತು ತಪ್ಪಮ್ಮ.

ಡೈವೋರ್ಸ್ ಆಗಿ ಒಂಟಿಯಾಗಿ ಇರುವವರಿಗೆ ಪರಮಪ್ರಸಾದ ಇಲ್ಲ ಎನ್ನುವ ನಿಯಮ ಧರ್ಮಸಭೆಯಲ್ಲಿ, ಅಂದರೆ ಕೆಥೋಲಿಕ ಚರ್ಚಿನಲ್ಲಿ, ಇಲ್ಲವೇ ಇಲ್ಲ. ಪೋಪ್ ಎರಡನೇ ಜಾನ್ ಪಾಲ್ 1981ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ ಬರೆದ ಪತ್ರದಲ್ಲಂತೂ, ಇಂಥವರು ಪರಮಪ್ರಸಾದದಿಂದ ಬಲ ಪಡೆಯುವಂತೆ ಹುರಿದುಂಬಿಸಬೇಕು ಎಂದಿದೆ. ಹಿಂಸೆಯಿಂದ ಹೆಂಡತಿ ಮಕ್ಕಳನ್ನು ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂಬ ಮಾತೂ ಅದರಲ್ಲಿದೆ. ಮನೆ ಬಿಟ್ಟು ಬಂದದ್ದು ಪಾಪ ಅಂತ ನಿಮಗೆ ಅನ್ನಿಸಿದ್ದರೆ ಅದನ್ನು ತಲೆಯಿಂದ ತೆಗೆದುಹಾಕಿ.

ತೊಡಕಿರುವುದು ಮೊದಲ ಮದುವೆ ಧರ್ಮಸಭೆಯ ಲೆಕ್ಕದಲ್ಲಿ ಉಳಿದಿರುವಾಗಲೇ ಇನ್ನೊಂದು ಮದುವೆಯಾದವರಿಗೆ. ಊರ ಬಾಯಲ್ಲಿ ಅದು ಡೈವೋರ್ಸ್ ಆದವರಿಗೆಲ್ಲ ಅಂಟಿಕೊಂಡಿದೆ. ಬೆಂಚು ಬೆಂಚಾಗಿ ಜನ ಎದ್ದು ಸಾಲಿಗೆ ಹೋಗುವಾಗ ನೀವು ಮೊಣಕಾಲು ಪಕ್ಕಕ್ಕೆ ತಿರುಗಿಸಿ ದಾರಿ ಬಿಡುತ್ತೀರಿ. ಹಿಂದೆ ಕೂತವರು ನೋಡುತ್ತಾರೆ. ಮೂರು ವರ್ಷ, ಸುಮ್ಸುಮ್ನೆ! ನನಗೆ ಅತ್ತಿಗೆಯ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಇಷ್ಟು ದಿನ ‘ಯಾಕಮ್ಮ ಏಳ್ತಿಲ್ಲ?’ ಎಂದು ಯಾರೂ ಕೇಳಲಿಲ್ಲವಲ್ಲ, ಅದಕ್ಕೆ ಜಾಸ್ತಿ ಸಿಟ್ಟು.

ಇನ್ನು ಅಸಿಂಧು ವಿಷಯ. ಕೋರ್ಟು ಇದ್ದ ಮದುವೆಯನ್ನು ಮುರಿಯುತ್ತದೆ. ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತದ) ನ್ಯಾಯಮಂಡಳಿ ನೋಡುವುದು ಮದುವೆಯ ದಿನವನ್ನು. ಅವತ್ತು ಇಬ್ಬರ ಒಪ್ಪಿಗೆ ನಿಜವಾಗಿತ್ತೇ, ಬಲವಂತ ಇತ್ತೇ, ಮುಖ್ಯವಾದದ್ದೇನಾದರೂ ಮುಚ್ಚಿಟ್ಟಿದ್ದರೇ? ಇದರಿಂದ ಮಗಳಿಗೆ ಏನೂ ಆಗುವುದಿಲ್ಲ. ಸರಿಯಾದದ್ದೇ ಎಂಬ ನಂಬಿಕೆಯಿಂದ ಆದ ಮದುವೆ ಆಮೇಲೆ ಅಸಿಂಧು ಎಂದು ತೀರ್ಮಾನವಾದರೂ ಅದರಲ್ಲಿ ಹುಟ್ಟಿದ ಮಗು ಸಕ್ರಮವೇ. ಧರ್ಮಸಭೆಯ ಕಾನೂನಿನ 1137ನೇ ವಿಧಿ ಹೇಳುವುದು ಇದನ್ನೇ. ಮದುವೆ ಅಸಿಂಧು ಎನ್ನಲು ಮೊದಲು ಎರಡು ಮಂಡಳಿಗಳ ತೀರ್ಪು ಒಂದೇ ಆಗಬೇಕಿತ್ತು. 2015ರ ತಿದ್ದುಪಡಿಯ ನಂತರ ಒಂದೇ ತೀರ್ಪು ಸಾಕು. ಮರುಮದುವೆಯ ಯೋಚನೆ ಇಲ್ಲದಿದ್ದರೆ ಈಗಲೇ ಓಡಾಡಬೇಕಾಗಿಯೂ ಇಲ್ಲ.

ಈ ವಾರವೇ ಹೋಗಿ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿ. ಭಾನುವಾರ ಪೂಜೆ ಮುಗಿದ ಗದ್ದಲದಲ್ಲಿ ಬೇಡ, ವಾರದ ನಡುವೆ ಒಂದು ಸಂಜೆ ಹೋಗಿ. ನಡೆದದ್ದನ್ನೆಲ್ಲ ಹೇಳಿ, ಪಾಪನಿವೇದನೆ ಮಾಡಿಕೊಂಡು ಬನ್ನಿ. ಅತ್ತಿಗೆಗೆ ಉತ್ತರ ಕೊಡಬೇಕೆನಿಸಿದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ, ಗುರುಗಳ ಬಾಯಿಂದಲೇ ಕೇಳಲಿ.

ಮಗಳ ಬಿಳಿ ಫ್ರಾಕ್ ಹೊಲಿಯಲು ಕೊಟ್ಟಾಯಿತಾ? ಅಳತೆಗೆ ಕರೆದುಕೊಂಡು ಹೋಗುವಾಗ ಹೇಳಿಬಿಡಿ, ‘ಬರ್ತೀನಿ ಕಣೇ’ ಅಂತ.