ಈಸ್ಟರ್ ಹಿಂದಿನ ರಾತ್ರಿ ಚರ್ಚಿಗೆ ಹೋಗ್ಬಹುದಾ? ಧಾರಾಳವಾಗಿ ಹೋಗಿ

ಪಕ್ಕದ್ಮನೆಯವ್ರು ಎಪಿಸ್ಕೋಪಲ್ (ಒಂದು ಕ್ರೈಸ್ತ ಪಂಗಡ) ಚರ್ಚಿನ ಈಸ್ಟರ್ ವಿಜಿಲ್‌ಗೆ, ಅಂದ್ರೆ ಈಸ್ಟರ್ ಹಿಂದಿನ ರಾತ್ರಿ ಪ್ರಾರ್ಥನೆಗೆ ಕರೆದಿದಾರೆ, ನಾವು ಕ್ರಿಶ್ಚಿಯನ್ ಅಲ್ಲ, ಹೋಗ್ಬಹುದಾ ಅಂತ ಕೇಳಿದೀರಲ್ಲ, ಖಂಡಿತ ಹೋಗಿ. ಇಲ್ಲಿ ಅಮೆರಿಕದ ಒಹಾಯೋದಲ್ಲಿ ಬರೀ 40 ಜನ ಸೇರೋ ಚರ್ಚಿಗೆ ನಾವೂ ಹೋಗಿದ್ವಿ. ಕತ್ತಲಲ್ಲಿ ಹೊರಗೆ ಬೆಂಕಿ ಹಚ್ಚಿ, ಅದ್ರಿಂದ ಒಂದು ದೊಡ್ಡ ಮೇಣದಬತ್ತಿ, ಅದ್ರಿಂದ ಒಬ್ಬರಿಂದೊಬ್ಬರಿಗೆ ಎಲ್ಲರ ಕೈಲಿರೋ ಬತ್ತಿಗೂ ಬೆಳಕು ಬರುತ್ತೆ, ನನ್ ಮಗಳ ಕೈ ನಡುಗ್ತಿದ್ದಾಗ ಗುರುತೇ ಇಲ್ಲದ ಒಬ್ರು ಅಜ್ಜಿ ಗಾಳಿಗೆ ಆರದಂಗೆ ತಮ್ಮ ಅಂಗೈ ಅಡ್ಡ ಹಿಡಿದ್ರು. ಬೈಬಲ್ ಓದೋದು ಸ್ವಲ್ಪ ಉದ್ದ. ಆದ್ರೆ ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಪೂರ್ತಿ ಹೇಳದೇ ಇಟ್ಟಿದ್ದ ಅಲ್ಲೆಲೂಯ, ಅಂದ್ರೆ ದೇವರನ್ನ ಸ್ತುತಿಸೋ ಘೋಷ, ಆಗ ಬರುತ್ತೆ ನೋಡಿ, ಮನೆಯಿಂದ ತಂದ ಗಂಟೆ ಎಲ್ಲಾ ಬಾರಿಸ್ತಾರೆ! ಪ್ರಸಾದದ ಹಾಗೆ ಕೊಡೋ ರೊಟ್ಟಿ-ವೈನ್ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವ್ರಿಗೆ, ನೀವು ಎದೆ ಮೇಲೆ ಕೈ ಅಡ್ಡ ಕಟ್ಟಿ ನಿಂತ್ರೆ ಆಶೀರ್ವಾದ ಮಾಡ್ತಾರೆ. ಕೊನೆಗೆ ತಿಂಡಿ ಇದ್ರೆ ಚಿತ್ರಾನ್ನ ತಗೊಂಡ್ಹೋಗಿ, ನಮ್ ಡಬ್ಬಿ ಖಾಲಿಯಾಗೇ ವಾಪಸ್ ಬಂತು.