ಕನ್ನಡ ಮೇಡಂಗೆ ಮಾತ್ರ ಯಾಕೆ ಕಮ್ಮಿ ಸಂಬಳ?

ಪ್ರಶ್ನೆ: ಮೇಡಂ, ನಾನು ಕನ್ನಡ ಎಂ.ಎ., ಬಿ.ಇಡಿ. ಆರು ವರ್ಷದಿಂದ ಒಂದು ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಸಂಬಳ 18 ಸಾವಿರ. ನನ್ನ ನಂತರ ಸೇರಿದ ಗಣಿತದ ಟೀಚರ್‌ಗೆ 32 ಸಾವಿರ. ಮಾರ್ಚ್ ಕೊನೆಗೆ ರಿಲೀವಿಂಗ್ ಲೆಟರ್, ಜೂನ್‌ಗೆ ಹೊಸ ಆರ್ಡರ್. ಬೇಸಿಗೆ ಸಂಬಳ ಇಲ್ಲ. ಕೇಳಿದರೆ, ‘ಕನ್ನಡ ಯಾರು ಬೇಕಾದ್ರೂ ಕಲಿಸ್ತಾರೆ, ಇದು ಸೇವೆ ಅಂದ್ಕೊಳ್ಳಿ’ ಎನ್ನುತ್ತಾರೆ. ಬಿಟ್ಟು ಮನೆಪಾಠ ಶುರು ಮಾಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಾನೂ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿಯೇ ನಿವೃತ್ತಳಾದವಳು.

ಯಾರು ಬೇಕಾದರೂ ಕಲಿಸುತ್ತಾರಂತೆ! ನಿಮ್ಮ ತರಗತಿಯಲ್ಲಿ ಹಿಂದಿ, ತಮಿಳು, ತೆಲುಗು ಮನೆಮಾತಿನ ಮಕ್ಕಳು ಇದ್ದೇ ಇರುತ್ತಾರೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಆ ಮಗು ಬರೆಯುವಾಗ ಕ, ಗ ಅದಲುಬದಲಾಗುತ್ತವೆ. ಹಿಂದಿಯಲ್ಲಿ ‘ಎ’, ‘ಒ’ ಹ್ರಸ್ವಗಳಿಲ್ಲ. ಆ ಮನೆಯ ಮಗುವಿಗೆ ‘ಕೆರೆ’ಯೂ ಒಂದೇ, ‘ಕೇರೆ’ಯೂ ಒಂದೇ. ಯಾವ ತಪ್ಪು ಎಲ್ಲಿಂದ ಬಂತು ಎಂದು ಗುರುತಿಸಿ ತಿದ್ದುವುದಕ್ಕೆ ತರಬೇತಿ ಬೇಕು. ಕನ್ನಡ ಮಾತಾಡಲು ಬಂದರೆ ಸಾಲದು. ಮನೆಯಲ್ಲಿ ಕನ್ನಡವೇ ಇಲ್ಲದ ಮಗುವಿಗೆ ಒತ್ತಕ್ಷರ ಕಲಿಸುವುದು ಗಣಿತಕ್ಕಿಂತ ಸುಲಭ ಎನ್ನುವವರು ಒಂದು ವಾರ ಬಂದು ಕಲಿಸಲಿ.

ಇನ್ನು ಸೇವೆಯ ಮಾತು. ಈ ಮಾತು ಶಿಕ್ಷಕರಿಗೆ ನಿಜವಾಗಿಯೂ ನಷ್ಟ ಮಾಡಿದೆ. 1988ರಲ್ಲಿ ಗೋವಾದ ಶಿಕ್ಷಕಿ ಸುಂದರಾಂಬಾಳ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಾಠ ಹೇಳುವುದು ಉದಾತ್ತವಾದ ಕೆಲಸ, ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಶಿಕ್ಷಕರು ಕಾರ್ಮಿಕರಲ್ಲ ಎಂದಿತು. ಕಾರ್ಮಿಕರಿಗೆ ಆ ಕಾಯ್ದೆ ಕೊಡುತ್ತಿದ್ದ ರಕ್ಷಣೆ ಶಿಕ್ಷಕರಿಗೆ ಕೈತಪ್ಪಿತು. ಆದರೆ ಅದೇ ತೀರ್ಪು, ಆಡಳಿತ ಮಂಡಳಿಗಳು ಶಿಕ್ಷಕರನ್ನು ಶೋಷಿಸುವುದು ನಮಗೆ ಗೊತ್ತು, ಅವರ ಹಕ್ಕಿಗೆ ಬೇರೆ ವ್ಯವಸ್ಥೆ ಬೇಕು ಎಂದೂ ಹೇಳಿತು. ಅದನ್ನು ಯಾರೂ ನೆನೆಯುವುದಿಲ್ಲ. ಆ ತೀರ್ಪು ಬರೆದವರು ನಮ್ಮ ಕರ್ನಾಟಕದವರೇ, ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಹರಿಯಾಣ ಸರ್ಕಾರ ತಾತ್ಕಾಲಿಕ ಶಿಕ್ಷಕರನ್ನು ಬೇಸಿಗೆ ರಜೆಗೆ ಮುಂಚೆ ತೆಗೆದುಹಾಕುತ್ತಿತ್ತು. 1985ರ ರತನ್ ಲಾಲ್ ಪ್ರಕರಣದಲ್ಲಿ ಅದನ್ನು ಕಟುವಾಗಿ ಖಂಡಿಸಿ, ರಜೆಯ ಸಂಬಳ ಕೊಡಿಸಿದವರೂ ಅವರೇ. ಅದು ಸರ್ಕಾರಿ ಶಿಕ್ಷಕರ ವಿಷಯ, ನಿಮಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ವಕೀಲರಿಗೆ ಹೇಳಿಡಿ.

ನಿಮಗೆ ನೇರವಾಗಿ ಬೇಕಾದದ್ದು ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಶಾಲೆ ಕೊಡಬೇಕಾದ ಇಡಿಗಂಟು. ಶಿಕ್ಷಕರಿಗೆ ಅದಿಲ್ಲ ಎಂದು 2004ರಲ್ಲಿ ತೀರ್ಪಾಗಿತ್ತು. ಗ್ರ್ಯಾಚುಟಿ ಕಾಯ್ದೆಯ 2009ರ ತಿದ್ದುಪಡಿ ಅದನ್ನು ಸರಿಪಡಿಸಿ, 1997ರ ಏಪ್ರಿಲ್ 3ರಿಂದಲೇ ಕೊಡಬೇಕು ಎಂದಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು, 2022ರ ಆಗಸ್ಟ್‌ನಲ್ಲಿ ಸೋತವು. ಐದು ವರ್ಷ ಸತತ ಸೇವೆಯಾದರೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಕೊಡಲೇಬೇಕು. ಪ್ರತಿ ಮಾರ್ಚ್‌ನ ರಿಲೀವಿಂಗ್ ಲೆಟರ್ ಆ ‘ಸತತ’ವನ್ನು ಮುರಿಯಲಿಕ್ಕೇ ಎಂದು ನನಗನ್ನಿಸುತ್ತದೆ.

ಆದ್ದರಿಂದ ಕಾಗದ ಕೂಡಿಡಿ. ಆರೂ ವರ್ಷದ ಆರ್ಡರ್, ಬ್ಯಾಂಕ್ ಸ್ಟೇಟ್‌ಮೆಂಟ್, ಟೈಂಟೇಬಲ್, ಪಿಎಫ್ ಪಾಸ್‌ಬುಕ್. ಏಪ್ರಿಲ್‌ನಲ್ಲಿ ಪೇಪರ್ ತಿದ್ದಲು, ಅಡ್ಮಿಷನ್‌ಗೆ ಕೂರಲು ಕರೆದಿದ್ದರೆ ಆ ವಾಟ್ಸಾಪ್ ಮೆಸೇಜು ಅಳಿಸಬೇಡಿ. ಕೆಲಸ ನಿಂತಿರಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಆಮೇಲೆ ಸಂಬಳದ ವಿಷಯ ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಬೇಡ. ಹಿಂದಿ, ಸಂಸ್ಕೃತದವರದ್ದೂ ಇದೇ ಪಾಡು ಇರಬಹುದು, ಅವರ ಸಹಿಯನ್ನೂ ಹಾಕಿಸಿ. ಸರ್ಕಾರ ಗೊತ್ತು ಮಾಡಿದ ಮಟ್ಟಕ್ಕೆ ತಕ್ಕ ಸಂಬಳ ಕೊಡಬೇಕೆಂದು ಸಿಬಿಎಸ್‌ಇ ಮಾನ್ಯತೆಯ ನಿಯಮಗಳೇ ಹೇಳುತ್ತವೆ. ಅದನ್ನು ಪತ್ರದಲ್ಲಿ ಬರೆಯಿರಿ. ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು ಎನ್ನುವುದು 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ. ಅಂದರೆ ಶಾಲೆಗೆ ನೀವು ಬೇಕು. ತಗ್ಗಿ ಕೇಳಬೇಕಿಲ್ಲ.

ಮನೆಪಾಠ ತಪ್ಪಲ್ಲ. ಆದರೆ ಸಿಟ್ಟಿನಲ್ಲಿ ಬಿಡಬೇಡಿ. ಬಿಡುವುದೇ ಆದರೆ ಮೊದಲು ಆರೂ ವರ್ಷ ಸೇರಿಸಿ ಅನುಭವ ಪತ್ರ ಬರೆಸಿಕೊಳ್ಳಿ. ಗ್ರ್ಯಾಚುಟಿಗೆ ಶಾಲೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಈ ಕಾಗದಗಳ ಜೊತೆಗೆ.