'ಸಾ' (Saw) ಹಾರರ್ ಸರಣಿಯ ಐದನೇ ಚಿತ್ರ ಯಾಕೆ ಇಷ್ಟು ಸಪ್ಪೆ?

(ಕಥೆಯ ಗುಟ್ಟುಗಳಿವೆ, ನೋಡದವರು ಓದಬೇಡಿ.)

ಮುಖ್ಯ ತಪ್ಪು ಚಿತ್ರಕಥೆಯದು. ಜನರನ್ನು ಪ್ರಾಣಾಂತಕ ಬಲೆಗಳಲ್ಲಿ ಸಿಲುಕಿಸುವ ಕೊಲೆಗಾರ ಜಿಗ್‌ಸಾ ಮೂರನೇ ಭಾಗದಲ್ಲೇ (2006) ಸತ್ತ. ಅವನ ಕೆಲಸ ಮುಂದುವರಿಸುವವನು ಪತ್ತೇದಾರ ಹಾಫ್‌ಮನ್ ಅಂತ ನಾಲ್ಕನೆಯದರ ಕೊನೆಯಲ್ಲೇ ಗೊತ್ತಾಯಿತು. 2008ರ ಐದನೆಯದರಲ್ಲಿ ಎಫ್‌ಬಿಐನ ಸ್ಟ್ರಾಮ್ ಹಳೆಯ ಜಾಗಗಳನ್ನೆಲ್ಲ ಸುತ್ತಿ ಕಂಡುಹಿಡಿಯುವುದು ನಮಗೆ ಆಗಲೇ ತಿಳಿದಿರುವುದನ್ನೇ. ಕುತೂಹಲ ಎಲ್ಲಿಂದ ಬರಬೇಕು? ಫ್ಲ್ಯಾಶ್‌ಬ್ಯಾಕ್‌ಗಳೂ ವಿಪರೀತ.

ಬೇಸರವೆಂದರೆ, ಒಳ್ಳೆಯ ಸರಕು ಇದರಲ್ಲೇ ಇತ್ತು. ಐವರು ಸೆರೆಯಾಳುಗಳು ಬದುಕಲು ಒಬ್ಬರನ್ನೊಬ್ಬರು ಸಾಯಲು ಬಿಡುತ್ತಾರೆ. ಕೊನೆಯ ಕೋಣೆಯಲ್ಲಿ ಹತ್ತು ಪೈಂಟ್ ರಕ್ತ ತುಂಬಬೇಕು, ಅಂದರೆ ಸುಮಾರು 4.7 ಲೀಟರ್. ಯಂತ್ರದಲ್ಲಿ ಕೈ ತೂರಿಸಲು ಐದು ಕಂಡಿ, ಒಳಗೆ ತಿರುಗುವ ಗರಗಸ. ಐವರೂ ಉಳಿದಿದ್ದರೆ ತಲಾ ಒಂದು ಲೀಟರಿಗಿಂತ ಕಡಿಮೆ ಸಾಕಿತ್ತು, ಬದುಕಬಹುದಿತ್ತು. ಉಳಿದವರು ಇಬ್ಬರೇ, ತಲಾ 2.4 ಲೀಟರ್ ಎಂದರೆ ಮೈಯಲ್ಲಿನ ಅರ್ಧದಷ್ಟು ರಕ್ತ. ಸರಣಿಯ ಅತ್ಯಂತ ಅರ್ಥಪೂರ್ಣ ಬಲೆಗಳಲ್ಲಿ ಇದೂ ಒಂದು. ಆದರೆ ಐವರ ಪರಿಚಯವೇ ಸರಿಯಾಗಿ ಆಗದ್ದರಿಂದ ಸಾವುಗಳು ತಟ್ಟುವುದಿಲ್ಲ. ಅವರ ಕಥೆ ಸ್ಟ್ರಾಮ್‌ನ ತನಿಖೆಗೆ ಸರಿಯಾಗಿ ಬೆಸೆಯುವುದೂ ಇಲ್ಲ.

ನಿರ್ದೇಶಕ ಡೇವಿಡ್ ಹ್ಯಾಕಲ್ ಹಿಂದಿನ ಭಾಗಗಳಿಗೆ ಪ್ರೊಡಕ್ಷನ್ ಡಿಸೈನರ್ ಆಗಿದ್ದವರು. ಹಾಗಾಗಿ ಕೋಣೆ, ಯಂತ್ರಗಳೆಲ್ಲ ಗಟ್ಟಿಯಾಗಿವೆ. ಸ್ಟ್ರಾಮ್ ತಲೆ ನೀರಿನ ಪೆಟ್ಟಿಗೆಯಲ್ಲಿ ಮುಳುಗಿರುವಾಗ ಪೆನ್ನಿನಿಂದ ಗಂಟಲು ತೂತು ಮಾಡಿಕೊಂಡು ಉಸಿರಾಡುವ ದೃಶ್ಯವಂತೂ ಅದ್ಭುತ. ಸರಣಿ ಪೂರ್ತಿ ನೋಡುವವರು ಇದನ್ನು ಬಿಡಬೇಡಿ. ಹಾಫ್‌ಮನ್‌ನ ಹಿನ್ನೆಲೆ ತಿಳಿಯದೆ ಆರನೆಯದು ಅರ್ಧಂಬರ್ಧ ಅನ್ನಿಸುತ್ತದೆ.